ಇಮಿಗ್ರೇಶನ್ ಕೋರ್ಟಿಂದ ನೋಟಿಸ್ ಬಂತಾ? ಲಾಯರ್ ಹುಡುಕೋದು ಹೀಗೆ

ಇಂಗ್ಲಿಷ್ ಸಿನಿಮಾ ನೋಡಿ ನೋಡಿ ನಮಗೆಲ್ಲ ಒಂದು ಡೈಲಾಗ್ ಬಾಯಿಪಾಠ ಆಗೋಗಿದೆ, ಲಾಯರ್ ಇಡೋಕೆ ದುಡ್ಡಿಲ್ಲ ಅಂದ್ರೆ ಸರ್ಕಾರನೇ ಒಬ್ರನ್ನ ಕೊಡುತ್ತೆ ಅಂತ. ಅದು ಕ್ರಿಮಿನಲ್ ಕೇಸಿಗೆ ಸ್ವಾಮಿ. ಹೊರದೇಶದಿಂದ ಬಂದೋರನ್ನ ಇರೋಕೆ ಬಿಡ್ಬೇಕೋ ಗಡೀಪಾರು ಮಾಡ್ಬೇಕೋ ಅಂತ ತೀರ್ಮಾನಿಸೋ ಅಮೆರಿಕದ ಇಮಿಗ್ರೇಶನ್ ಕೋರ್ಟಲ್ಲಿ ಲಾಯರ್ ಇಟ್ಕೊಳ್ಳೋ ಹಕ್ಕಿದೆ, ಆದ್ರೆ ಖರ್ಚು ಸರ್ಕಾರದ್ದಲ್ಲ ಅಂತ ಕಾನೂನಲ್ಲೇ ಬರೆದಿದೆ. ಎದುರುಗಡೆ ಮಾತ್ರ ಸರ್ಕಾರದ ಲಾಯರ್ ಇದ್ದೇ ಇರ್ತಾರೆ. ಜಡ್ಜ್ ಕೂಡ ನಾವಂದ್ಕೊಂಡಂಗೆ ಸ್ವತಂತ್ರ ನ್ಯಾಯಾಂಗದವರಲ್ಲ, ಜಸ್ಟಿಸ್ ಡಿಪಾರ್ಟ್‌ಮೆಂಟ್ ಕೆಳಗಿರೋ ಇಒಐಆರ್ ಅನ್ನೋ ಕಚೇರಿಯ ನೌಕರರು.

2007ರಿಂದ 2012ರವರೆಗಿನ 12 ಲಕ್ಷಕ್ಕೂ ಹೆಚ್ಚು ಕೇಸ್ ತಿರುವಿ ಹಾಕಿ 2015ರಲ್ಲಿ ಒಂದು ಅಧ್ಯಯನ ಬಂತು. ಲಾಯರ್ ಇದ್ದೋರು 100ಕ್ಕೆ 37 ಜನ, ಡಿಟೆನ್ಶನ್‌ನಲ್ಲಿ ಇದ್ದೋರಲ್ಲಂತೂ ಬರೀ 14.

ನಮ್ಮೋರಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳ್ಬೇಡಿ. ಎಚ್-1ಬಿ ವೀಸಾದ ಕೆಲಸ ಹೋದ್ರೆ ಹೆಚ್ಚಂದ್ರೆ 60 ದಿನ ಟೈಮು, ಓದೋಕೆ ಹೋದ ಹುಡುಗರ ಸ್ಟೇಟಸ್, ಅಂದ್ರೆ ಅಲ್ಲಿರೋಕೆ ಇರೋ ಅನುಮತಿ, ಒಂದು ಸಣ್ಣ ತಪ್ಪಿಗೆ ಹೋಗಬಹುದು, ಆಮೇಲೆ ಮನೆಗೆ ಬರೋದು ಈ ನೋಟಿಸೇ.

ಮೊದಲು ನೋಟಿಸ್ ಓದಿ

ಇದರ ಹೆಸರು ನೋಟಿಸ್ ಟು ಅಪಿಯರ್, ಜನ ಎನ್‌ಟಿಎ ಅಂತಾರೆ. ಮೇಲ್ಗಡೆ ಎ ಅಕ್ಷರ ಹಾಕಿ ಒಂದು ನಂಬರ್ ಇರುತ್ತೆ, ಅದೇ ಎ-ನಂಬರ್, ಅದನ್ನ ಫೋಟೋ ತೆಗೆದು ಊರಲ್ಲಿರೋ ಒಬ್ಬರಿಗೂ ಅಮೆರಿಕದಲ್ಲೇ ಇರೋ ಒಬ್ಬರಿಗೂ ಕಳ್ಸಿಡಿ, ಯಾಕಂದ್ರೆ ನಾಳೆ ನಿಮ್ಮನ್ನ ಹಿಡಿದು ಎಲ್ಲೋ ಇಟ್ರೆ ಆ ನಂಬರು, ಹುಟ್ಟಿದ ದೇಶ ಹಾಕಿನೇ ಐಸ್ (ICE) ಅನ್ನೋ, ಜನರನ್ನ ಹಿಡಿದು ಗಡೀಪಾರು ಮಾಡೋ ಇಲಾಖೆಯ ವೆಬ್‌ಸೈಟಲ್ಲಿ ನೀವೆಲ್ಲಿದ್ದೀರಿ ಅಂತ ಹುಡುಕೋದು. ನೋಟಿಸಲ್ಲಿರೋ ತಾರೀಕು ಬದಲಾಗ್ತಾ ಇರುತ್ತೆ, ಕೆಲವು ನೋಟಿಸಲ್ಲಿ ತಾರೀಕು ಆಮೇಲೆ ತಿಳಿಸ್ತೀವಿ ಅಂತಷ್ಟೇ ಇದ್ದದ್ದೂ ಉಂಟು. ಹಾಗಾಗಿ 1-800-898-7180ಕ್ಕೆ ಫೋನ್ ಮಾಡಿ ಎ-ನಂಬರ್ ಒತ್ತಿ ವಾರಕ್ಕೊಂದ್ಸಲ ಕೇಳಿ.

ಮನೆ ಬದಲಾಯಿಸಿದ್ರೆ 5 ದಿನದೊಳಗೆ ಇಒಐಆರ್-33 ಫಾರ್ಮ್ ಕೋರ್ಟಿಗೇ ಕೊಡ್ಬೇಕು. ವೀಸಾ, ಗ್ರೀನ್ ಕಾರ್ಡ್ ಅರ್ಜಿ ನೋಡೋ ಯುಎಸ್‌ಸಿಐಎಸ್‌ನಲ್ಲಿ ಅಡ್ರೆಸ್ ಅಪ್ಡೇಟ್ ಮಾಡಿದ್ದೀನಲ್ಲ ಅಂದ್ರೆ ಆಗಲ್ಲ, ಅದು ಬೇರೆ ಆಫೀಸು, ಇದು ಬೇರೆ. ಕಾಗದ ಹಳೇ ಮನೆಗೆ ಹೋಗಿ, ನೀವು ಹಿಯರಿಂಗ್‌ಗೆ ಹೋಗ್ದೇ ಇದ್ರೆ ನೀವಿಲ್ದೇನೇ ಗಡೀಪಾರು ಆರ್ಡರ್ ಆಗುತ್ತೆ, ಅದನ್ನ ವಾಪಸ್ ತೆಗೆಸೋದು ಅಷ್ಟು ಸುಲಭ ಅಲ್ಲ.

ಲಾಯರ್ ಸಿಗೋ ಜಾಗಗಳು

ಒಂದೊಂದು ಕೋರ್ಟಿಗೂ ಉಚಿತವಾಗಿ ಕೇಸ್ ತಗೊಳ್ಳೋ ಸಂಸ್ಥೆಗಳ ಲಿಸ್ಟನ್ನ ಇಒಐಆರ್ರೇ ಹಾಕುತ್ತೆ, ಪ್ರೊ ಬೋನೋ ಲಿಸ್ಟ್ ಅಂತ. ಮೇಲಿಂದ ಕೆಳಗಿನ ತನಕ ಪ್ರತಿಯೊಬ್ಬರಿಗೂ ಫೋನ್ ಹಚ್ಚಿ, ಜಾಗ ಇಲ್ಲ ಅಂತ್ಲೇ ಜಾಸ್ತಿ ಜನ ಹೇಳ್ತಾರೆ, ಬೇಜಾರಾಗ್ಬೇಡಿ, ಯಾರಿಗೆ ಯಾವತ್ತು ಮಾಡಿದ್ದು ಅಂತ ಒಂದು ಹಾಳೇಲಿ ಬರ್ಕೊಳ್ಳಿ. ಈ ಹಾಳೆ ಯಾಕೆ ಅಂತ ಮುಂದೆ ಹೇಳ್ತೀನಿ.

ಲಾಯರೇ ಆಗಿರ್ಬೇಕು ಅಂತಿಲ್ಲ, ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಜಸ್ಟಿಸ್ ಡಿಪಾರ್ಟ್‌ಮೆಂಟ್ ಮಾನ್ಯತೆ ಕೊಟ್ಟಿರೋ ಲಾಭರಹಿತ ಸಂಸ್ಥೆಗಳಲ್ಲಿ ಅಕ್ರೆಡಿಟೆಡ್ ರೆಪ್ರೆಸೆಂಟೇಟಿವ್ ಅಂತ ಇರ್ತಾರೆ, ಕಾನೂನು ಡಿಗ್ರಿ ಇಲ್ದಿದ್ರೂ ಪೂರ್ತಿ ಮಾನ್ಯತೆ ಇದ್ದೋರು ಕೋರ್ಟಲ್ಲಿ ನಿಮ್ಮ ಪರ ನಿಲ್ಬಹುದು. ಅರೆ ಮಾನ್ಯತೆ ಇದ್ದೋರು ಯುಎಸ್‌ಸಿಐಎಸ್ ಥರದ ಕಡೆ ಮಾತ್ರ, ಕೋರ್ಟಿಗೆ ಬರೋ ಹಾಗಿಲ್ಲ, ಅದನ್ನ ಮೊದಲೇ ಕೇಳಿ. ಲಾ ಕಾಲೇಜಿನ ಕಾನೂನು ನೆರವಿನ ಕ್ಲಿನಿಕ್‌ಗಳಲ್ಲಿ ಸ್ಟೂಡೆಂಟ್ಸ್ ಕೂಡ ಮೇಷ್ಟ್ರ ಉಸ್ತುವಾರಿಯಲ್ಲಿ ಕೇಸ್ ನಡೆಸ್ತಾರೆ.

ದುಡ್ಡು ಕೊಟ್ಟೇ ಇಡೋದಾದ್ರೆ ಇದು ಫೆಡರಲ್ ಕಾನೂನು, ಯಾವ ರಾಜ್ಯದ ಲೈಸೆನ್ಸ್ ಇದ್ರೂ ನಡೆಯುತ್ತೆ, ನಿಮ್ಮೂರಲ್ಲೇ ಹುಡುಕ್ಬೇಕು ಅಂತೇನಿಲ್ಲ. ಆ ರಾಜ್ಯದ ಬಾರ್, ಅಂದ್ರೆ ಲಾಯರ್ ಲೈಸೆನ್ಸ್ ನೋಡ್ಕೊಳ್ಳೋ ಸಂಸ್ಥೆಯ ವೆಬ್‌ಸೈಟಲ್ಲಿ ಹೆಸರು ಹಾಕಿ ನೋಡಿ, ಏನೇನು ಮಾಡ್ತೀವಿ ಎಷ್ಟು ಫೀಸು ಅಂತ ಬರಹದಲ್ಲಿ ತಗೊಳ್ಳಿ. ದೇವಸ್ಥಾನದ ಪಾರ್ಕಿಂಗಲ್ಲಿ ಸಿಕ್ಕಿ, ನಂಗೆ ಒಳಗಡೆ ಜನ ಗೊತ್ತು, ಕೇಸ್ ಮುಗಿಸಿ ಕೊಡ್ತೀನಿ ಅನ್ನೋ ಕನ್ಸಲ್ಟೆಂಟ್ ಇರ್ತಾರಲ್ಲ, ಅವ್ರು ಖಾಲಿ ಫಾರ್ಮಿಗೆ ಸಹಿ ಕೇಳಿದ್ರೆ ಎದ್ದು ಬನ್ನಿ.

ಕೇಸ್ ಪೂರ್ತಿ ತಗೊಳ್ಳೋಕೆ ಯಾರೂ ಸಿಗ್ಲಿಲ್ವಾ, ತುಂಡು ತುಂಡಾಗಿ ಕೇಳಿ. 2022ರಿಂದ ಇಒಐಆರ್-61 ಅಂತ ಒಂದು ಫಾರ್ಮ್ ಇದೆ, ಲಾಯರ್ ನಿಮ್ಮ ಒಂದು ಅರ್ಜಿ ಮಾತ್ರ ಬರ್ಕೊಟ್ಟು ಅದನ್ನ ಸಲ್ಲಿಸಿ ಸುಮ್ನಾಗಬಹುದು, ಕೇಸಿನ ಕೊನೆ ತನಕ ಸಿಕ್ಕಾಕ್ಕೊಳ್ಳಲ್ಲ. ಅದಕ್ಕೆ ಒಪ್ಪೋರು ಸಿಗೋ ಚಾನ್ಸ್ ಜಾಸ್ತಿ. ಅಸೈಲಂ, ಅಂದ್ರೆ ಊರಲ್ಲಿ ಜೀವಕ್ಕೆ ಭಯ ಅಂತ ಆಶ್ರಯ, ಕೇಳೋರಿಗೆ ಬಂದ ದಿನದಿಂದ 1 ವರ್ಷದ ಗಡುವು ಇರೋದ್ರಿಂದ ಲಾಯರ್ ಸಿಗ್ಲಿ ಆಮೇಲೆ ನೋಡೋಣ ಅಂತ ಕೂರೋದು ಬೇಡ.

ಮೊದಲ ಹಿಯರಿಂಗ್ ದಿನ

ಇದನ್ನ ಮಾಸ್ಟರ್ ಹಿಯರಿಂಗ್ ಅಂತಾರೆ, ನಮ್ಮ ಕೋರ್ಟಲ್ಲಿ ಕೇಸ್ ಕೂಗಿ ಮುಂದಕ್ಕೆ ಹಾಕ್ತಾರಲ್ಲ ಹಂಗೆ, ನಿಮ್ಮ ಸರದಿ ಕೆಲವೇ ನಿಮಿಷ. ಯಾವ ಭಾಷೆ ಅಂತ ಕೇಳ್ತಾರೆ. ಕನ್ನಡ ಅನ್ನಿ, ಮುಜುಗರ ಬೇಡ, ಇಂಟರ್‌ಪ್ರಿಟರ್ ಖರ್ಚು ಕೋರ್ಟಿಂದೇ. ಅರ್ಧಂಬರ್ಧ ಹಿಂದಿ ಬರುತ್ತೆ ಅಂತ ಹಿಂದಿಗೆ ಒಪ್ಕೊಂಡ್ರೆ ನೀವು ಹೇಳಿದ್ದು ಒಂದು, ದಾಖಲೆಗೆ ಹೋಗಿದ್ದು ಇನ್ನೊಂದು ಆಗುತ್ತೆ.

ಆಮೇಲೆ, ಲಾಯರ್ ಹುಡುಕ್ತಾ ಇದ್ದೀನಿ ಟೈಮ್ ಕೊಡಿ ಅಂತ ಕೇಳಿ. ಆ ಫೋನ್ ಹಾಳೆ ತೋರ್ಸೋದು ಇಲ್ಲೇ, ಸುಮ್ನೆ ಕೂತಿಲ್ಲ ಅಂತ ಗೊತ್ತಾಗುತ್ತೆ. ನೋಟಿಸಲ್ಲಿರೋ ಆರೋಪಕ್ಕೆ ಹೌದು ಅಥವಾ ಅಲ್ಲ ಅನ್ನೋದನ್ನ ಲಾಯರ್ ಹತ್ರ ಮಾತಾಡಿದ ಮೇಲೆ ಹೇಳ್ತೀನಿ ಅನ್ನಿ.

2025ರಿಂದ ಒಂದು ಹೊಸ ಆಟ ಶುರುವಾಗಿದೆ. ಸರ್ಕಾರದ ಲಾಯರ್ ಎದ್ದು ನಿಂತು ಕೇಸ್ ಡಿಸ್ಮಿಸ್ ಮಾಡಿ ಅಂತಾರೆ, ಕೇಳೋಕೆ ಎಷ್ಟು ಚೆನ್ನಾಗಿದೆ ನೋಡಿ, ಮನುಷ್ಯ ಖುಷಿಯಾಗಿ ತಲೆ ಆಡಿಸಿ ಬಾಗಿಲು ದಾಟಿದ್ರೆ ಕಾರಿಡಾರಲ್ಲಿ ಐಸ್ ಅಧಿಕಾರಿಗಳು ಕಾಯ್ತಾ ಇರ್ತಾರೆ, ಜಡ್ಜ್ ಮುಂದೆ ಹೋಗೋ ಅವಕಾಶನೇ ಇಲ್ಲದ ಫಾಸ್ಟ್ ಟ್ರ್ಯಾಕ್ ಗಡೀಪಾರಿಗೆ ಹಾಕೋಕೆ. ಡಿಸ್ಮಿಸ್ ಅನ್ನೋ ಪದ ಕೇಳಿದ ತಕ್ಷಣ ನಾನು ಒಪ್ಪಲ್ಲ, ಬರಹದಲ್ಲಿ ಉತ್ತರ ಕೊಡೋಕೆ ಟೈಮ್ ಬೇಕು ಅನ್ನಿ. ಹಾಗಂತ ಅರೆಸ್ಟ್ ಆಗಲ್ಲ ಅಂತ ಗ್ಯಾರಂಟಿ ಇಲ್ಲ, ಆದ್ರೆ ಜಡ್ಜ್ ಟೈಮ್ ಕೊಟ್ರೆ ಕೇಸ್ ಜೀವಂತ ಇರುತ್ತೆ.

ಸಹಾಯ ಮಾಡೋಕೆ ಇಷ್ಟ ಇರೋರಿಗೆ

ನ್ಯೂಯಾರ್ಕಲ್ಲಿ ಜಡ್ಜ್ ರಾಬರ್ಟ್ ಕ್ಯಾಟ್ಜ್‌ಮನ್ ಬೆನ್ನು ಹತ್ತಿದ್ದಕ್ಕೆ 2013ರಲ್ಲಿ ಸಿಟಿ ದುಡ್ಡಲ್ಲೇ ಡಿಟೆನ್ಶನ್‌ನಲ್ಲಿದ್ದವರಿಗೆ ಉಚಿತ ಲಾಯರ್ ಕೊಡೋ ಯೋಜನೆ ಶುರುವಾಯ್ತು. ಇನ್ನೊಂದು ಕಡೆ ಡಿಟೆನ್ಶನ್‌ನಲ್ಲಿದ್ದವರಿಗೆ ಹಕ್ಕು ಏನು ಅಂತ ತಿಳಿಸ್ತಿದ್ದ ಫೆಡರಲ್ ಕಾರ್ಯಕ್ರಮ, 2003ರದ್ದು, ಅದನ್ನ 2025ರಲ್ಲಿ ಸರ್ಕಾರ ನಿಲ್ಲಿಸ್ತು. ಅಂದ್ರೆ ಈಗ ಕೆಲಸ ಸಂಸ್ಥೆಗಳ ಮೇಲೇ ಬಿದ್ದಿದೆ, ಅವರಿಗೆ ಕನ್ನಡ ಓದೋರು ಬೇಕಾದ್ರೆ ಎಲ್ಲಿಂದ ತರ್ತಾರೆ.

ಕೋರ್ಟಿಗೆ ಕೊಡೋ ಪ್ರತಿ ಕನ್ನಡ ಕಾಗದಕ್ಕೂ ಇಂಗ್ಲಿಷ್ ಅನುವಾದ ಇರ್ಲೇಬೇಕು, ಜೊತೆಗೆ ನಂಗೆ ಎರಡೂ ಭಾಷೆ ಬರುತ್ತೆ, ಅನುವಾದ ಸರಿಯಾಗಿದೆ ಅಂತ ಟೈಪ್ ಮಾಡಿ ಸಹಿ ಹಾಕಿದ ಸರ್ಟಿಫಿಕೇಟು, ನಿಮ್ಮ ಅಡ್ರೆಸ್ಸು ಫೋನ್ ನಂಬರು. ಇದಕ್ಕೆ ಲಾಯರ್ ಆಗಿರ್ಬೇಕಿಲ್ಲ, ಆದ್ರೆ ಕಾನೂನು ಸಲಹೆ ಕೊಡೋಕೆ ಹೋಗ್ಬೇಡಿ. ಪರಿಚಯದವರ ಒಂದು ಎಫ್‌ಐಆರ್ ಹಿಡ್ಕೊಂಡು ನಾನು ಒಂದು ಭಾನುವಾರ ಪೂರ್ತಿ ಕೂತಿದ್ದೆ. ಸದರಿ ಪಿರ್ಯಾದುದಾರರು ಅಂತ ಶುರುವಾದ ವಾಕ್ಯ ಒಂದೂವರೆ ಪುಟ ಆದ್ಮೇಲೆ ಮುಗೀತು, ಅಷ್ಟರಲ್ಲಿ ಯಾರು ಯಾರಿಗೆ ಹೊಡೆದ್ರು ಅನ್ನೋದೇ ಗೊತ್ತಾಗ್ದೆ ತಲೆ ಕೆಟ್ಟೋಗಿತ್ತು. ಅದಕ್ಕಿಂತ ಕಷ್ಟ ಹೆಸರು. ಎಫ್‌ಐಆರಲ್ಲಿ ಬರೀ ಇನಿಶಿಯಲ್, ಪಾಸ್‌ಪೋರ್ಟಲ್ಲಿ ಊರು ಅಪ್ಪ ಎಲ್ಲಾ ಸೇರಿ ಉದ್ದುದ್ದ, ಟಿಸಿಯಲ್ಲಿ ಮೇಷ್ಟ್ರು ಬರೆದ ಕಾಗುಣಿತ ಇನ್ನೊಂದು. ಕಾಗದದಲ್ಲಿ ಇದ್ದದ್ದನ್ನ ಇದ್ದ ಹಾಗೇ ಬರೀಬೇಕು, ನಾವೇ ತಿದ್ದಿ ಒಂದೇ ಥರ ಮಾಡಿದ್ರೆ ಸುಳ್ಳು ದಾಖಲೆ ಅನ್ನಿಸ್ಕೊಳ್ಳುತ್ತೆ. ಇನಿಶಿಯಲ್ ಅಂದ್ರೇನು, ಯಾಕೆ ಒಂದೊಂದು ಕಡೆ ಒಂದೊಂದು ಥರ ಅನ್ನೋದನ್ನ ಬೇರೆ ಹಾಳೇಲಿ ನಾಲ್ಕು ಸಾಲು ಬರೆದು ಲಾಯರ್ ಕೈಗೆ ಕೊಡಿ, ಹಾಕೋದೋ ಬಿಡೋದೋ ಅವ್ರು ನೋಡ್ಕೊಳ್ತಾರೆ.