ನಾಲ್ಕು ಚಿಕ್ಕ ಟೇಬಲ್, ಮಂಗಳವಾರದ ಟೂರ್ನಮೆಂಟ್: ನನ್ನ ಅನುಭವ

ಮಂಗಳವಾರ ಸಂಜೆ ಪೂಲ್ ಪಾರ್ಲರ್ ತುಂಬಿರುತ್ತದೆ ಅಂದರೆ ಈ ಲೈನಿನಲ್ಲಿ ಇರುವವರು ಯಾರೂ ನಂಬುವುದಿಲ್ಲ. ಶನಿವಾರ, ಭಾನುವಾರ ದುಡಿದದ್ದರಲ್ಲೇ ಕರೆಂಟ್ ಬಿಲ್ಲು, ಬಾಡಿಗೆ, ಸ್ಕೋರ್ ನೋಡಿಕೊಳ್ಳುವ ಮಾರ್ಕರ್ ಸಂಬಳ ಎಲ್ಲ ಆಗಬೇಕು. ನಮ್ಮೆಲ್ಲರ ಹಣೆಬರಹ ಅದೇ ಅಲ್ವಾ? ಈಗ ಮೈಸೂರಿನ ನನ್ನ ಪಾರ್ಲರಿಗೆ ಮಂಗಳವಾರ ಆರು ಗಂಟೆ ಮೇಲೆ ಬಂದರೆ ಕೂರುವುದಕ್ಕೆ ಸ್ಟೂಲ್ ಸಿಗುವುದಿಲ್ಲ. ಪ್ರತಿ ಮಂಗಳವಾರ ಟೂರ್ನಮೆಂಟ್ ಇಡುತ್ತೇನೆ, ಅದೂ ಏಳಡಿಯ ಚಿಕ್ಕ ಪೂಲ್ ಟೇಬಲ್ ಮೇಲೆ. ಶುರು ಮಾಡುವಾಗ "ಆಗಲ್ಲ ಬಿಡಪ್ಪಾ" ಅಂದಿದ್ದ ಪಾರ್ಲರ್ ಓನರ್‌ಗಳೇ ಈಗ ಫೋನ್ ಮಾಡಿ ಹೇಗೆ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹಾಲ್ ಹೆಚ್ಚುಕಡಿಮೆ 22ಕ್ಕೆ 27 ಅಡಿ. ಮೊದಲು ಎರಡು ಫುಲ್ ಸೈಜ್ ಸ್ನೂಕರ್ ಟೇಬಲ್ ಇದ್ದವು. ಗಂಟೆಗೆ 200 ರೂಪಾಯಿ. ಇಬ್ಬರು ಹಿರಿಯರು ನಿಂತರೆ ಒಂದು ಫ್ರೇಮ್‌ಗೆ, ಅಂದರೆ ಒಂದು ಆಟಕ್ಕೆ, ಮುಕ್ಕಾಲು ಗಂಟೆ. ಹೊಸ ಹುಡುಗರು ಬಂದರೆ ಕೊನೆಯ ಕಪ್ಪು ಬಾಲ್ ತನಕ ಹೋಗುವುದೇ ಇಲ್ಲ, ಅರ್ಧಕ್ಕೆ ಬೇಜಾರಾಗಿ ಎದ್ದು ಹೋಗುತ್ತಾರೆ. ಅದೇ ಜಾಗದಲ್ಲಿ ಏಳಡಿಯ ನಾಲ್ಕು ಟೇಬಲ್ ಹಿಡಿಯುತ್ತವೆ. ಗೋಡೆ ಕಡೆಗೆಲ್ಲ ಹೆಚ್ಚುಕಡಿಮೆ ಐದಡಿ ಬಿಟ್ಟೆ. ಉದ್ದದಲ್ಲಿ ಎರಡು ಟೇಬಲ್ ಮಧ್ಯೆ ಮಾತ್ರ ನಾಲ್ಕೇ ಅಡಿ ಸಿಕ್ಕಿತು. ಅಲ್ಲಿ 48 ಇಂಚಿನ ಎರಡು ಮೋಟು ಕ್ಯೂ, ಅಂದರೆ ಹೊಡೆಯುವ ಕೋಲು, ಇಟ್ಟಿದ್ದೇನೆ. ಮೊದಲು ಎಲ್ಲರೂ ನಕ್ಕರು. ಈಗ ಕೆಲವರು ಜಾಗ ಇದ್ದರೂ ಅದನ್ನೇ ಎತ್ತಿಕೊಳ್ಳುತ್ತಾರೆ.

ಹಳೆಯ ಎರಡೂ ಟೇಬಲ್ ಮಾರಿದ್ದಕ್ಕೆ ಎರಡೂವರೆ ಲಕ್ಷದ ಹತ್ತಿರ ಬಂತು. ಹೊಸದು ಎರಡು, ಸೆಕೆಂಡ್ ಹ್ಯಾಂಡ್ ಎರಡು, ಸಾಗಾಣಿಕೆ, ಲೆವೆಲಿಂಗ್ ಎಲ್ಲ ಸೇರಿ ನಾಲ್ಕು ಲಕ್ಷ ದಾಟಿತು. ಸೆಕೆಂಡ್ ಹ್ಯಾಂಡ್ ಎರಡಕ್ಕೂ ಬಟ್ಟೆಯ ಕೆಳಗೆ ಸ್ಲೇಟ್ ಕಲ್ಲು ಇಲ್ಲ, ಮಾರ್ಬಲ್. ಅದರ ಕಥೆ ಆಮೇಲೆ ಹೇಳುತ್ತೇನೆ.

ಸ್ನೂಕರ್ ಟೇಬಲ್ ಹೋದ ದಿನ ನಮ್ಮ ಹಿರಿಯ ಆಟಗಾರರು ನನ್ನ ಮೇಲೆ ಸಿಟ್ಟಾದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಇಲ್ಲಿಂದ ನಾಲ್ಕು ಗಂಟೆ ದಾರಿಯ ಊಟಿ ಕ್ಲಬ್ಬಿನಲ್ಲಿ ಸ್ನೂಕರ್ ರೂಲ್ಸ್ ಬರೆದು ಹಾಕಿದ್ದು ಅನ್ನುವುದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಜನ ಅವರು. ವಿಶ್ವ ಚಾಂಪಿಯನ್ ಪಂಕಜ್ ಅಡ್ವಾಣಿ ಹುಡುಗನಾಗಿದ್ದಾಗ ಬೆಂಗಳೂರಿನಲ್ಲಿ ಆಡಿದ್ದನ್ನು ಕಣ್ಣಾರೆ ನೋಡಿದವರೂ ಅವರಲ್ಲಿ ಇದ್ದಾರೆ. "ಏನ್ ಗುರು, ಕೇರಂ ಬೋರ್ಡ್ ಟೂರ್ನಮೆಂಟ್ ಮಾಡ್ತಾ ಇದ್ದೀಯಾ?" ಅಂತ ಒಬ್ಬರು ಎಲ್ಲರ ಎದುರು ಕೇಳಿದರು. ನಾನು ಸುಮ್ನೆ ಟೀ ಕೊಟ್ಟೆ.

ನಾನೇನೂ ಹೊಸದನ್ನು ಕಂಡುಹಿಡಿದಿಲ್ಲ. ಅಮೆರಿಕದ ಬಾರುಗಳಲ್ಲಿ ನಾಣ್ಯ ಹಾಕಿ ಆಡುವ ಏಳಡಿ ಟೇಬಲ್‌ಗಳ ಮೇಲೇ ದೊಡ್ಡ ದೊಡ್ಡ ಲೀಗ್‌ಗಳು ಬೆಳೆದಿವೆ. ಇಂಗ್ಲೆಂಡಿನವರು ಏಳಡಿ ಟೇಬಲ್ ಮೇಲೆ ಕೆಂಪು, ಹಳದಿಯ ಎರಡಿಂಚಿನ ಬಾಲ್‌ನಲ್ಲಿ ಆಡುತ್ತಾರೆ. ಅಲ್ಲಿನ ಅಲ್ಟಿಮೇಟ್ ಪೂಲ್ ಅನ್ನುವ ಟೂರ್ನಮೆಂಟ್‌ನವರು ಅದನ್ನೇ ಗಡಿಯಾರ ಇಟ್ಟು ಟಿವಿಗೆ ತಂದರು. ರಾತ್ರಿಯೆಲ್ಲ ಅದನ್ನು ನೋಡುತ್ತಾ ಕೂತಾಗಲೇ ನನಗೆ ಈ ಹುಚ್ಚು ಹತ್ತಿದ್ದು.

ಮೊದಲ ಟೂರ್ನಮೆಂಟ್ ದೊಡ್ಡದಾಗಿಯೇ ಮಾಡಿದೆ. ಫಸ್ಟ್ ಪ್ರೈಸ್ ಹತ್ತು ಸಾವಿರ ಗ್ಯಾರಂಟಿ, ಎಂಟ್ರಿ 500, ಸಿಂಗಲ್ ನಾಕೌಟ್, ಐದು ಫ್ರೇಮ್ ಗೆದ್ದವನು ಮುಂದಕ್ಕೆ. ಫ್ಲೆಕ್ಸ್ ಬೇರೆ ಹಾಕಿಸಿದ್ದೆ. ಬಂದವರು ಹದಿನಾರು ಜನ, ಅದರಲ್ಲಿ ಇಬ್ಬರು ಹೊರಗಿನ ಪಕ್ಕಾ ಆಟಗಾರರು. ನಮ್ಮ ಹುಡುಗರಲ್ಲಿ ಅರ್ಧ ಜನ ಮೊದಲ ಮ್ಯಾಚ್‌ನಲ್ಲೇ ಔಟ್. ಏಳೂವರೆಗೆ ಬೈಕ್ ಹತ್ತಿ ಮನೆಗೆ ಹೋದರು. ರಾತ್ರಿ ಹನ್ನೊಂದಾದರೂ ಸೆಮಿಫೈನಲ್ ಮುಗಿದಿರಲಿಲ್ಲ. ಶಟರ್ ಅರ್ಧ ಇಳಿಸಿ ಫೈನಲ್ ಆಡಿಸಿದೆ. ಆ ಇಬ್ಬರು ಮೊದಲೇ ದುಡ್ಡು ಹಂಚಿಕೊಂಡು ಕಾಟಾಚಾರಕ್ಕೆ ಆಡಿದರು. ಪ್ರೈಸ್, ಫ್ಲೆಕ್ಸ್, ಊಟ ಕಳೆದು ಏಳೆಂಟು ಸಾವಿರ ಕೈಬಿಟ್ಟಿತು. ಅದಕ್ಕಿಂತ ಹೆಚ್ಚಾಗಿ, ಮುಂದಿನ ಎರಡು ವಾರ ನನ್ನ ದಿನದ ಗಿರಾಕಿಗಳೂ ಕಮ್ಮಿಯಾದರು. 500 ಕೊಟ್ಟು ಮೊದಲ ಮ್ಯಾಚ್‌ನಲ್ಲೇ ಅವಮಾನ ಮಾಡಿಸಿಕೊಂಡು ಹೋದವನು ಮತ್ತೆ ಯಾಕೆ ಬರುತ್ತಾನೆ?

ಈ ಆಟದಲ್ಲಿ ದುಡ್ಡು ತರುವವನು ಗೆಲ್ಲುವವನಲ್ಲ, ಸೋಲುವವನು. ಅವನನ್ನು ಒಂಬತ್ತು ಗಂಟೆಯವರೆಗೆ ಹಾಲ್‌ನಲ್ಲಿ ಇಟ್ಟುಕೊಳ್ಳಬೇಕು, ಮುಂದಿನ ವಾರ ಮತ್ತೆ ಬರಬೇಕು ಅನ್ನಿಸಬೇಕು. ಆಮೇಲೆ ಏನು ಬದಲಾಯಿಸಿದರೂ ಇದನ್ನೇ ನೋಡಿಕೊಂಡು ಬದಲಾಯಿಸಿದೆ.

ಈಗ ನಡೆಯುವುದು ಹೀಗೆ. ಆಟ 8 ಬಾಲ್: ತನ್ನ ಏಳು ಬಾಲ್ ಮುಗಿಸಿ ಕೊನೆಗೆ ಎಂಟರ ಬಾಲ್ ಹಾಕಿದವನಿಗೆ ಫ್ರೇಮ್. ಡಬಲ್ ಎಲಿಮಿನೇಷನ್, ಅಂದರೆ ಎರಡು ಮ್ಯಾಚ್ ಸೋತರೆ ಮಾತ್ರ ಔಟ್. ಎರಡು ಫ್ರೇಮ್ ಗೆದ್ದರೆ ಮ್ಯಾಚ್. ಇಪ್ಪತ್ನಾಲ್ಕು ಜನಕ್ಕೆ ಎಂಟ್ರಿ ಕ್ಲೋಸ್. ಹೆಚ್ಚೆಂದರೆ 47 ಮ್ಯಾಚ್ ಆಗುತ್ತವೆ. ಏಳಡಿ ಟೇಬಲ್ ಮೇಲೆ ಒಂದು ಫ್ರೇಮ್ ಏಳೆಂಟು ನಿಮಿಷ, ಅಂದರೆ ಮ್ಯಾಚ್‌ಗೆ ಸರಾಸರಿ ಇಪ್ಪತ್ತು ನಿಮಿಷ. ನಾಲ್ಕು ಟೇಬಲ್‌ನಲ್ಲಿ ನಾಲ್ಕು ಗಂಟೆಗೆ ಎಲ್ಲ ಮುಗಿಯುತ್ತದೆ. ಆರಕ್ಕೆ ಮೊದಲ ಶಾಟ್, ಹತ್ತೂಕಾಲಕ್ಕೆ ಶಟರ್. ಫುಲ್ ಸೈಜ್ ಟೇಬಲ್‌ನಲ್ಲಿ ಈ ಲೆಕ್ಕ ಕೂಡುವುದೇ ಇಲ್ಲ, ಬೇಕಾದರೆ ಪೇಪರ್ ಪೆನ್ನು ಹಿಡಿದು ನೋಡಿ.

ಯಾವ ಫೌಲ್ ಆದರೂ ಎದುರಿನವನಿಗೆ ಬಾಲ್ ಇನ್ ಹ್ಯಾಂಡ್, ವೈಟ್ ಬಾಲನ್ನು ಟೇಬಲ್ ಮೇಲೆ ಎಲ್ಲಿ ಬೇಕಾದರೂ ಇಡಬಹುದು. ಇದಕ್ಕೆ ಸ್ನೂಕರ್ ಆಡಿದವರು ತುಂಬಾ ಗೊಣಗಿದರು. ಇದಿಲ್ಲದಿದ್ದರೆ ಬೇಕಂತಲೇ ಫೌಲ್ ಮಾಡಿಕೊಂಡು ಫ್ರೇಮ್ ಎಳೆಯುತ್ತಾರೆ. ಶಾಟ್ ಕ್ಲಾಕ್, ಅಂದರೆ ಒಂದೊಂದು ಶಾಟ್‌ಗೂ ಇಷ್ಟೇ ಸಮಯ ಅನ್ನುವುದು, ಮ್ಯಾಚ್ ಶುರುವಿನಿಂದಲೇ ಇಟ್ಟು ನೋಡಿದೆ. ಹೊಸಬರ ಕೈ ನಡುಗಿತು. ಈಗ ಮ್ಯಾಚ್ ಇಪ್ಪತ್ತು ನಿಮಿಷ ದಾಟಿದರೆ ಮಾತ್ರ ಮಾರ್ಕರ್ ಫೋನ್ ತೆಗೆದು ಶಾಟ್‌ಗೆ 30 ಸೆಕೆಂಡ್ ಎಣಿಸುತ್ತಾನೆ. ಅವನು ಜೇಬಿಗೆ ಕೈ ಹಾಕಿದರೆ ಸಾಕು, ಆಟ ಓಡುತ್ತದೆ.

ಹ್ಯಾಂಡಿಕ್ಯಾಪ್, ಅಂದರೆ ಕಮ್ಮಿ ಆಡುವವನಿಗೆ ಒಂದಿಷ್ಟು ರಿಯಾಯಿತಿ, ಇಲ್ಲದೆ ಇದು ನಿಲ್ಲುವುದಿಲ್ಲ. ಎ, ಬಿ, ಸಿ ಅಂತ ಮೂರು ಗ್ರೇಡ್, ಎ ಎಲ್ಲಕ್ಕಿಂತ ಮೇಲೆ. ಎ ಗ್ರೇಡ್‌ನವನಿಗೆ ಸಿ ಎದುರು ಬಂದರೆ ಅವನು ಮೂರು ಫ್ರೇಮ್ ಗೆಲ್ಲಬೇಕು, ಸಿ ಗ್ರೇಡ್‌ಗೆ ಒಂದೇ ಸಾಕು. ಮೊದಲ ತಿಂಗಳು ಕಳ್ಳ ಸಿ ಗಳ ಕಾಟ ಹೇಳತೀರದು. ವಾರವಿಡೀ ಬೇಕಂತ ಸೋತು, ಮಂಗಳವಾರ ಬಂದು ಕ್ಲಿಯರ್ ಮಾಡಿ ದುಡ್ಡು ಎತ್ತಿಕೊಂಡು ಹೋಗುತ್ತಿದ್ದರು. ಈಗ ಯಾರ ಗ್ರೇಡ್ ಯಾವಾಗ ಏರಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಗೆಲುವು ಸೋಲನ್ನು ನಾನು ನೋಡುವುದೇ ಇಲ್ಲ, ಬೇರೆ ಎರಡು ವಿಷಯ ನೋಡುತ್ತೇನೆ. ಅವು ಯಾವುವು ಅಂತ ಇಲ್ಲಿ ಬರೆದರೆ ನಮ್ಮ ಹುಡುಗರು ಓದಿಬಿಡುತ್ತಾರೆ, ಹಾಗಾಗಿ ಬಿಡಿ. ಡ್ರಾ ಹೇಗೆ ಎತ್ತುತ್ತೇನೆ ಅನ್ನುವುದೂ ಹಾಗೆಯೇ.

ದುಡ್ಡಿನ ವಿಷಯ. ಎಂಟ್ರಿ 250, ಒಟ್ಟು ಆರು ಸಾವಿರ. ಅದರಲ್ಲಿ 4500 ಪ್ರೈಸ್‌ಗೆ ಹೋಗುತ್ತದೆ: 1600, 1100, 700, 500, ಆಮೇಲೆ ಇಬ್ಬರಿಗೆ ಮುನ್ನೂರು ಮುನ್ನೂರು. ಆರನೆಯವನಿಗೆ ಕೊಡುವ ಆ ಮುನ್ನೂರು ಇದೆಯಲ್ಲ, ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡುವ ದುಡ್ಡು ಅದು. ಎಂಟ್ರಿ ವಾಪಸ್ ಬಂದು ಮೇಲೆ ಐವತ್ತು ಸಿಕ್ಕಿದವನು ಕಾಲೇಜಿನಲ್ಲೆಲ್ಲ ಹೇಳಿಕೊಂಡು ಓಡಾಡುತ್ತಾನೆ. ನನಗೆ ಉಳಿಯುವುದು 1500, ಜೊತೆಗೆ ಟೀ, ಎಗ್ ಪಫ್‌ನಲ್ಲಿ ನಾನೂರು ಐನೂರು. ಮೊದಲು ಮಂಗಳವಾರದ ಕಲೆಕ್ಷನ್ನೇ ಏಳೆಂಟು ನೂರು ಇತ್ತು. ಆದರೆ ನಿಜವಾದ ಲಾಭ ಬುಧವಾರದಿಂದ ಶುರು. ಸೋತವರು ಪ್ರಾಕ್ಟೀಸ್‌ಗೆ ಬರುತ್ತಾರೆ. ಗಂಟೆಗೆ 150ರಂತೆ ತಿಂಗಳಿಗೆ 25-30 ಸಾವಿರ ಮೊದಲಿಗಿಂತ ಜಾಸ್ತಿ ಬರುತ್ತಿದೆ. ಹಳೆ ಟೇಬಲ್ ಮಾರಿದ್ದು ಕಳೆದು ಕೈಯಿಂದ ಹಾಕಿದ ದುಡ್ಡು ಆರೇಳು ತಿಂಗಳಲ್ಲಿ ಬಂತು. ಒಂದೇ ತಲೆನೋವು ಬೆಟ್ಟಿಂಗ್. ಪಕ್ಕದಲ್ಲಿ ನಿಂತು ಮ್ಯಾಚ್ ಮೇಲೆ ದುಡ್ಡು ಕಟ್ಟುವವರನ್ನು ಮುಲಾಜಿಲ್ಲದೆ ಹೊರಗೆ ಕಳಿಸುತ್ತೇನೆ. ನೀವೂ ಅಷ್ಟೇ ಮಾಡಿ, ಇಲ್ಲದಿದ್ದರೆ ಲೈಸೆನ್ಸಿಗೇ ಕುತ್ತು.

ಚಿಕ್ಕ ಟೇಬಲ್ ಸುಲಭ ಅನ್ನುವವರು ಒಮ್ಮೆ ಆಡಿ ನೋಡಲಿ. ಪಾಟ್ ಮಾಡುವುದು, ಅಂದರೆ ಬಾಲನ್ನು ಪಾಕೆಟ್‌ಗೆ ಹಾಕುವುದು ಸುಲಭ, ನಿಜ. ಆದರೆ ಹದಿನಾರು ಬಾಲ್ ಅಷ್ಟು ಚಿಕ್ಕ ಜಾಗದಲ್ಲಿ ಇರುತ್ತವೆ. ಎಲ್ಲಿ ನೋಡಿದರೂ ಅಡ್ಡ. ವೈಟ್ ಬಾಲ್ ಒಂದಿಂಚು ಜಾಸ್ತಿ ಉರುಳಿದರೆ ಕೆಲಸ ಕೆಟ್ಟಿತು. ಟೇಬಲ್ ಬಂದಾಗ ಪಾಕೆಟ್ ಹತ್ತಿರ ಹತ್ತಿರ ಐದಿಂಚು ಇತ್ತು. ನಾನು ರಬ್ಬರ್ ಹಾಕಿಸಿ ನಾಲ್ಕೂವರೆಗೆ ತಂದೆ. ಎರಡು ಬಾಲ್ ಪಕ್ಕಪಕ್ಕ ಇಟ್ಟರೆ ಸರಿಯಾಗಿ ಕೂರುವಷ್ಟು. ಕೇರಂ ಬೋರ್ಡ್ ಅಂದಿದ್ದ ಹಿರಿಯರು ಒಂದು ಮಂಗಳವಾರ ಎ ಗ್ರೇಡ್‌ನಲ್ಲಿ ಇಳಿದರು. ಹಾಸ್ಟೆಲ್ ಹುಡುಗಿಯೊಬ್ಬಳು ಅವರಿಗೆ ಹೊಡೆಯಲು ದಾರಿಯೇ ಇಲ್ಲದಂತೆ ವೈಟ್ ಬಾಲ್ ನಿಲ್ಲಿಸುವ ಎರಡು ಸೇಫ್ಟಿ ಶಾಟ್‌ನಲ್ಲಿ ಕಟ್ಟಿಹಾಕಿ ಒಂದೇ ಫ್ರೇಮ್‌ನಲ್ಲಿ ಮ್ಯಾಚ್ ಮುಗಿಸಿದಳು. ಅವರೀಗ ತಪ್ಪದೇ ಬರುತ್ತಾರೆ. ಅವಳು ಬಿ ಗೆ ಏರಿದ್ದಾಳೆ.

ಮಾರ್ಬಲ್ ಕಥೆ ಹೇಳುತ್ತೇನೆ ಅಂದಿದ್ದೆ. ಮಳೆಗಾಲದಲ್ಲಿ ಆ ಎರಡು ಟೇಬಲ್ ತಣ್ಣಗಾಗಿ ಬಟ್ಟೆ ತೇವ ಹಿಡಿದು ಬಾಲ್ ಓಡುವುದೇ ಇಲ್ಲ. ಕೆಳಗೆ 40 ವಾಟ್‌ನ ಹಳೇ ಬಲ್ಬ್ ನಾಲ್ಕು ನಾಲ್ಕು ಕಟ್ಟಿ ಮಧ್ಯಾಹ್ನದಿಂದ ಉರಿಸಿದೆ. ಸ್ಪೀಡ್ ಬಂತು. ಜೊತೆಗೆ ಒಂದು ಕಡೆ ಪ್ಲೈವುಡ್ ಕಪ್ಪಾಯಿತು. ಈಗ ಬಲ್ಬನ್ನು ಒಂದಡಿ ಕೆಳಗೆ ಇಳಿಸಿದ್ದೇನೆ, ಸಮಸ್ಯೆ ಇಲ್ಲ. ಇಂಗ್ಲಿಷ್‌ನವರ ಕೆಂಪು ಹಳದಿ ಬಾಲ್ ಸೆಟ್ಟನ್ನೂ ಮೂರೂವರೆ ಸಾವಿರ ಕೊಟ್ಟು ತರಿಸಿದೆ. ನಮ್ಮ ಪಾಕೆಟ್ ಅದಕ್ಕೆ ತುಂಬಾ ದೊಡ್ಡದು, ಕಣ್ಣು ಮುಚ್ಚಿ ಹೊಡೆದರೂ ಬೀಳುತ್ತದೆ. ಡಬ್ಬ ಅಟ್ಟದ ಮೇಲಿದೆ, ಬೇಕಾದವರು ಕೇಳಿ, ಅರ್ಧ ರೇಟಿಗೆ ಕೊಡುತ್ತೇನೆ. ಶುಕ್ರವಾರ ಜೋಡಿ ಆಟ ಶುರು ಮಾಡಿದ್ದೇನೆ, ಇಬ್ಬರೂ ಒಂದೊಂದು ಶಾಟ್ ಹೊಡೆಯಬೇಕು. ಗಂಡ ಹೆಂಡತಿ ಜೋಡಿ ಬಂದರೆ ಎಂಟ್ರಿ ಅರ್ಧ. ಜಗಳ ನೋಡುವುದಕ್ಕೇ ಜನ ಬರುತ್ತಾರೆ.

ಮೈಸೂರಿನವರೇ ಆದರೆ ಒಂದು ಮಾತು. ದಸರಾ ಎರಡು ವಾರ ಟೂರ್ನಮೆಂಟ್ ಇಡಬೇಡಿ. ಊರು ತುಂಬಾ ಜನ ಇರುತ್ತಾರೆ ಅಂತ ನಾನೂ ಆಸೆಪಟ್ಟಿದ್ದೆ. ಹಾಸ್ಟೆಲ್ ಹುಡುಗರು ಊರಿಗೆ ಹೋಗಿರುತ್ತಾರೆ, ಉಳಿದವರಿಗೆ ಟ್ರಾಫಿಕ್‌ನಲ್ಲಿ ಆರು ಗಂಟೆಗೆ ಬರುವುದಕ್ಕೆ ಆಗುವುದಿಲ್ಲ. ಅವತ್ತು ಬಂದವರು ಒಂಬತ್ತೇ ಜನ. ಈಗ ಆ ಎರಡು ವಾರ ಟೇಬಲ್ ಬಟ್ಟೆ ಬದಲಾಯಿಸುವುದಕ್ಕೆ ಇಟ್ಟುಕೊಂಡಿದ್ದೇನೆ. ನಾಲ್ಕು ಟೇಬಲ್‌ಗೆ ಕೂಲಿ ಸೇರಿ ಮೂವತ್ತು ಸಾವಿರದ ಹತ್ತಿರ ಆಗುತ್ತದೆ. ಫಿಟ್ಟರ್‌ಗೆ ಆಗಸ್ಟ್‌ನಲ್ಲೇ ಹೇಳಿಡಿ, ಆಮೇಲೆ ಸಿಗುವುದಿಲ್ಲ.