ಯುವಿಯೈಟಿಸ್ ಇದ್ದವರ ಪೊರೆ ಶಸ್ತ್ರಚಿಕಿತ್ಸೆ: ಮೊದಲ ಎರಡು ತಿಂಗಳು ದೃಷ್ಟಿಯನ್ನು ಕಾಯುವ ಬಗೆ

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡವರು ಮಹಡಿಗೊಬ್ಬರಾದರೂ ಸಿಗುತ್ತಾರೆ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಸಂಜೆ ಮನೆಗೆ ಬಂದು, ಮೂರನೆಯ ದಿನ ಪತ್ರಿಕೆ ಓದುತ್ತ ಕುಳಿತವರನ್ನು ಕಂಡು ಕಂಡು, ನನ್ನ ಅಕ್ಕನಿಗೂ ಹಾಗೆಯೇ ಆಗುತ್ತದೆ ಎಂದು ಮನೆಯವರೆಲ್ಲ ನಂಬಿದ್ದೆವು. ಆದರೆ ಅಕ್ಕನಿಗೆ ಹತ್ತು ವರ್ಷಗಳಿಂದ ಯುವಿಯೈಟಿಸ್, ಅಂದರೆ ಕಣ್ಣಿನ ಒಳಗಿನ ನಡುಪದರದ ಉರಿಯೂತ, ಬಿಟ್ಟು ಬಿಟ್ಟು ಬರುತ್ತಿತ್ತು. ಇಂಥ ಕಣ್ಣಿಗೆ ಶಸ್ತ್ರಚಿಕಿತ್ಸೆಯ ದಿನಕ್ಕಿಂತ ಅದಕ್ಕೆ ಮುಂಚಿನ ಮೂರು ತಿಂಗಳು ಮತ್ತು ಅನಂತರದ ಎರಡು ತಿಂಗಳು ಹೆಚ್ಚು ಮುಖ್ಯವೆಂಬುದನ್ನು ನಾವು ಕಷ್ಟಪಟ್ಟು ಕಲಿತೆವು. ಇದೇ ದಾರಿಯಲ್ಲಿರುವ ಮುಂಬಯಿಯ ಕನ್ನಡಿಗರಿಗೆ ಉಪಯೋಗವಾಗಲೆಂದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಔಷಧದ ಪ್ರಮಾಣವನ್ನು ಮಾತ್ರ ನಿಮ್ಮ ವೈದ್ಯರೇ ನಿರ್ಧರಿಸಬೇಕು.

ಈ ರೋಗಿಗಳಲ್ಲಿ ಪೊರೆ ಬರಲು ವಯಸ್ಸೇ ಆಗಬೇಕೆಂದಿಲ್ಲ. ಉರಿಯೂತವೂ ಪೊರೆ ತರುತ್ತದೆ, ಅದನ್ನು ಅಡಗಿಸಲು ಕೊಡುವ ಸ್ಟೀರಾಯ್ಡ್ ಸಹ ಮಸೂರದ ಹಿಂಬದಿಯಲ್ಲಿ ಪೊರೆ ತರುತ್ತದೆ. ಆದ್ದರಿಂದ ಮೂವತ್ತು ನಲವತ್ತರ ವಯಸ್ಸಿನವರೂ ಶಸ್ತ್ರಚಿಕಿತ್ಸೆಗೆ ಬರುತ್ತಾರೆ. ಹಳೆಯ ಉರಿಯೂತದಿಂದ ಪಾಪೆಯ ಅಂಚು ಮಸೂರಕ್ಕೆ ಅಂಟಿಕೊಂಡಿದ್ದರೆ ಅದು ಸರಿಯಾಗಿ ಹಿಗ್ಗುವುದಿಲ್ಲ. ಆಗ ಶಸ್ತ್ರಚಿಕಿತ್ಸಕರು ಅಂಟನ್ನು ಬಿಡಿಸಿ, ಸಣ್ಣ ಕೊಕ್ಕೆಗಳಿಂದ ಪಾಪೆಯನ್ನು ಅಗಲಿಸಿ ಕೆಲಸ ಮಾಡಬೇಕಾಗುತ್ತದೆ. ಹಾಗಾಗಿ ಯುವಿಯೈಟಿಸ್ ರೋಗಿಗಳನ್ನು ನಿಯಮಿತವಾಗಿ ನೋಡುವ ವೈದ್ಯರಲ್ಲಿಯೇ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಒಳ್ಳೆಯದು, ಅದಕ್ಕಾಗಿ ಡೊಂಬಿವಲಿಯಿಂದ ಪರೇಲಿನವರೆಗೆ ಹೋಗಬೇಕಾದರೂ ಚಿಂತೆಯಿಲ್ಲ.

ಮೊದಲ ನಿಯಮವೆಂದರೆ, ಕಣ್ಣು ಕನಿಷ್ಠ ಮೂರು ತಿಂಗಳು ಶಾಂತವಾಗಿರಬೇಕು. ಶಾಂತವೆಂದರೆ ಕೆಂಪು ಹೋಗಿದೆ, ನೋವಿಲ್ಲ ಎಂದು ನಮಗೆ ತೋರುವುದಲ್ಲ. ಸ್ಲಿಟ್ ಲ್ಯಾಂಪ್ ಎಂಬ, ಕಣ್ಣು ನೋಡುವ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಣ್ಣಿನ ಮುಂಭಾಗದ ದ್ರವದಲ್ಲಿ ಉರಿಯೂತದ ಕಣಗಳು ಕಾಣಬಾರದು. ಮುಂದಿನ ಭಾಗ ತಿಳಿಯಾಗಿದ್ದು ಹಿಂದಿನ ಭಾಗದಲ್ಲಿ ಉರಿಯೂತ ಉಳಿದಿರುವುದೂ ಉಂಟು, ಆದುದರಿಂದ ಎರಡನ್ನೂ ನೋಡಿಯೇ ವೈದ್ಯರು ದಿನ ಗೊತ್ತುಮಾಡುತ್ತಾರೆ. ಪ್ರತಿ ಭೇಟಿಯಲ್ಲೂ ಕಣ್ಣು ಶಾಂತವಾಗಿದೆಯೇ ಎಂದು ಕೇಳಿ, ಆ ಉತ್ತರವನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ. ನಡುವೆ ಒಮ್ಮೆ ಕೆರಳಿದರೆ ಮೂರು ತಿಂಗಳ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕಾಯುವುದು ಬೇಸರದ ಕೆಲಸವೇ ಸರಿ, ಆದರೆ ಅವಸರಕ್ಕೆ ಬೆಲೆ ತೆರುವುದು ಕಣ್ಣು.

ಈ ಅವಧಿಯಲ್ಲಿ ಉರಿಯೂತದ ಮೂಲವನ್ನು ಹುಡುಕುವುದೂ ಮುಗಿದಿರಬೇಕು. ನಮ್ಮ ದೇಶದಲ್ಲಿ ಕ್ಷಯವನ್ನು ಮರೆಯುವಂತಿಲ್ಲ. ಬೆನ್ನುಮೂಳೆಯ ಸಂಧಿವಾತ, ಸಾರ್ಕಾಯ್ಡೋಸಿಸ್ (ಅಂಗಾಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳಾಗುವ ರೋಗ), ಹರ್ಪಿಸ್ ಎಂಬ ವೈರಸ್ ಮುಂತಾದವೂ ಕಾರಣವಾಗಬಲ್ಲವು. ಹಿಂದೆ ಹರ್ಪಿಸ್‌ನಿಂದ ಉರಿಯೂತ ಬಂದಿದ್ದರೆ ಅದನ್ನು ತಪ್ಪದೆ ಹೇಳಿ, ಏಕೆಂದರೆ ಶಸ್ತ್ರಚಿಕಿತ್ಸೆಯ ಸುತ್ತಿನ ದಿನಗಳಲ್ಲಿ ವೈರಸ್ ನಿರೋಧಕ ಮಾತ್ರೆ ಬೇಕಾಗುತ್ತದೆ. ಮೆಥೋಟ್ರೆಕ್ಸೇಟ್, ಅಜಥಯೋಪ್ರಿನ್, ಅಡಲಿಮುಮಾಬ್‌ನಂಥ, ದೇಹದ ರೋಗನಿರೋಧಕ ಶಕ್ತಿಯನ್ನು ಹತೋಟಿಯಲ್ಲಿಟ್ಟು ಉರಿಯೂತ ತಡೆಯುವ ಔಷಧಗಳನ್ನು ಶಸ್ತ್ರಚಿಕಿತ್ಸೆ ಬಂತೆಂದು ನೀವಾಗಿಯೇ ನಿಲ್ಲಿಸಬೇಡಿ. ಉರಿಯೂತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ನುಂಗುವ ಮಾತ್ರೆ ಎಂಬುದನ್ನು ಮನೆಯ ಎಲ್ಲರೂ ತಿಳಿದಿರಬೇಕು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ.

ದಿನಾಂಕ ಆರಿಸುವಾಗ ಮುಂಬಯಿಯ ಬದುಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಮ್ಮಲ್ಲಿ ಅನೇಕರು ಮಕ್ಕಳ ಪರೀಕ್ಷೆ ಮುಗಿದ ಕೂಡಲೇ ಏಪ್ರಿಲ್‌ನಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿ, ಮೇ ತಿಂಗಳ ಮದುವೆ ಮುಂಜಿಗಳಿಗೆ ಮತ್ಸ್ಯಗಂಧಾ ರೈಲು ಹತ್ತಿ ಊರಿಗೆ ಹೊರಡುತ್ತಾರೆ. ಯುವಿಯೈಟಿಸ್ ಇದ್ದವರಿಗೆ ಇದು ತೀರ ತಪ್ಪು ಲೆಕ್ಕ, ಏಕೆಂದರೆ ಕಣ್ಣು ಕೈಕೊಡುವ ಸಾಧ್ಯತೆ ಹೆಚ್ಚಿರುವ ನಾಲ್ಕರಿಂದ ಆರನೆಯ ವಾರ ಊರಿನಲ್ಲೇ ಕಳೆಯುತ್ತದೆ. ಜುಲೈ ಆದರೆ ಇನ್ನೊಂದು ತೊಂದರೆ: ಮರುದಿನದ ತಪಾಸಣೆ ತಪ್ಪಿಸುವಂತಿಲ್ಲ, ಆದರೆ ಜೋರು ಮಳೆಗೆ ಹಳಿಯಲ್ಲಿ ನೀರು ನಿಂತರೆ ಲೋಕಲ್ ಗಾಡಿ ಓಡುವುದಿಲ್ಲ. ಮಳೆಗಾಲದಲ್ಲೇ ಮಾಡಿಸಬೇಕಾಗಿ ಬಂದರೆ ಮಾಟುಂಗಾ ಅಥವಾ ಸಯನ್‌ನಲ್ಲಿರುವ ನೆಂಟರ ಮನೆಯಲ್ಲಿ ಎರಡು ರಾತ್ರಿ ಉಳಿಯುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಿ.

ಆಸ್ಪತ್ರೆಯಲ್ಲಿ ಮಾತು ಮರಾಠಿಯಲ್ಲಿ ನಡೆಯುತ್ತದೆ. ಮೋತಿಬಿಂದು ಎಂದರೆ ಪೊರೆ, ಕಾಚಬಿಂದು ಎಂದರೆ ಗ್ಲಾಕೋಮಾ. ಇವೆರಡನ್ನು ಅದಲುಬದಲು ಮಾಡಿ ಹೇಳಿದ ಹಿರಿಯರನ್ನು ನಾನೇ ಸಾಲಿನಲ್ಲಿ ನಿಂತಾಗ ಕಂಡಿದ್ದೇನೆ. ದೇವನಾಗರಿಯೂ ಇಂಗ್ಲಿಷೂ ಓದಲು ಬಾರದ ತಾಯಂದಿರು ದೃಷ್ಟಿ ಪರೀಕ್ಷೆಯ ಅಕ್ಷರಪಟ್ಟಿಯ ಮುಂದೆ ನಾಚಿಕೊಂಡು ಸುಮ್ಮನಿದ್ದರೆ, ದೃಷ್ಟಿ ಇರುವುದಕ್ಕಿಂತ ಕಡಿಮೆಯೆಂದು ದಾಖಲಾಗುತ್ತದೆ. ಅಕ್ಷರದ ಬದಲು ಬೇರೆ ಬೇರೆ ದಿಕ್ಕಿಗೆ ತಿರುಗಿದ ಇಂಗ್ಲಿಷಿನ 'E' ಗುರುತುಗಳ ಪಟ್ಟಿ ಇರುತ್ತದೆ, ಅದನ್ನೇ ಕೇಳಿ.

ಶಸ್ತ್ರಚಿಕಿತ್ಸೆಗೆ ಮೊದಲು ಬೆಳಕಿನಿಂದ ಅಕ್ಷಿಪಟಲದ ಪದರಗಳ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನ್ ಮಾಡಿಸಿ ಮ್ಯಾಕ್ಯುಲಾ, ಅಂದರೆ ಅಕ್ಷಿಪಟಲದ ನಡುಭಾಗ, ಹೇಗಿದೆಯೆಂದು ತಿಳಿದುಕೊಳ್ಳಬೇಕು. ಪೊರೆ ದಟ್ಟವಾಗಿ ಹಿಂಬದಿ ಕಾಣದಿದ್ದರೆ ಬಿ-ಸ್ಕ್ಯಾನ್ ಎಂಬ ಅಲ್ಟ್ರಾಸೌಂಡ್ ಮಾಡುತ್ತಾರೆ. ಆಮೇಲೆ ವೈದ್ಯರನ್ನು ನೇರವಾಗಿ ಕೇಳಿ: ಪೊರೆ ತೆಗೆದ ಮೇಲೆ ಎಷ್ಟು ಕಾಣಬಹುದು, ಮಂಜಿನಲ್ಲಿ ಪೊರೆಯ ಪಾಲೆಷ್ಟು, ಅಕ್ಷಿಪಟಲದ ಅಥವಾ ನರದ ಪಾಲೆಷ್ಟು? ಮ್ಯಾಕ್ಯುಲಾದಲ್ಲಿ ಹಳೆಯ ಕಲೆ ಇದ್ದರೆ ಪೊರೆ ತೆಗೆದ ಜಾಗಕ್ಕೆ ಹಾಕುವ ಕೃತಕ ಮಸೂರ ಎಷ್ಟೇ ಒಳ್ಳೆಯದಾದರೂ ಅದನ್ನು ಅಳಿಸಲಾರದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ಒಂದು ವಿಶ್ಲೇಷಣೆಯ ಪ್ರಕಾರ, ಫೇಕೋ ವಿಧಾನದಲ್ಲಿ, ಅಂದರೆ ಸಣ್ಣ ಗಾಯದ ಮೂಲಕ ಅಲ್ಟ್ರಾಸೌಂಡ್‌ನಿಂದ ಒಡೆದು, ಪೊರೆ ತೆಗೆದ ಯುವಿಯೈಟಿಸ್ ಕಣ್ಣುಗಳಲ್ಲಿ ಸುಮಾರು ಶೇ. 70ರಷ್ಟಕ್ಕೆ 6/12 ಅಥವಾ ಅದಕ್ಕಿಂತ ಉತ್ತಮ ದೃಷ್ಟಿ ದೊರೆತಿದೆ. ಆರೋಗ್ಯವಂತ ಕಣ್ಣು 12 ಮೀಟರ್ ದೂರದಿಂದ ಓದುವ ಸಾಲನ್ನು 6 ಮೀಟರ್ ಹತ್ತಿರದಿಂದ ಓದುವುದೇ 6/12. ಇದು ಧೈರ್ಯ ಕೊಡುವ ಅಂಕಿ, ಆದರೂ ನೂರರಲ್ಲಿ ಉಳಿದ ಮೂವತ್ತು ಕಣ್ಣುಗಳ ವಿಷಯ ತಿಳಿದೇ ಮುಂದೆ ಹೋಗಬೇಕು. ದೂರಕ್ಕೂ ಹತ್ತಿರಕ್ಕೂ ಕಾಣುವಂತೆ ಮಾಡಿದ ದುಬಾರಿಯ ಮಲ್ಟಿಫೋಕಲ್ ಮಸೂರವನ್ನು ಇಂಥ ಕಣ್ಣಿಗೆ ಸಾಮಾನ್ಯವಾಗಿ ಹಾಕುವುದಿಲ್ಲ. ಸಂಧಿವಾತವಿರುವ ಮಕ್ಕಳಿಗಂತೂ ಮಸೂರ ಹಾಕಬೇಕೇ ಬೇಡವೇ ಎಂಬುದೇ ಬೇರೆಯಾಗಿ ಯೋಚಿಸಬೇಕಾದ ವಿಚಾರ.

ಹಲವರಿಗೆ ಶಸ್ತ್ರಚಿಕಿತ್ಸೆಗೆ ಕೆಲವು ದಿನ ಮೊದಲೇ ಸ್ಟೀರಾಯ್ಡ್ ಹನಿಗಳನ್ನೋ ಮಾತ್ರೆಗಳನ್ನೋ ಆರಂಭಿಸಿ, ಅನಂತರ ಮೆಲ್ಲಗೆ ಇಳಿಸುತ್ತಾರೆ. ಸಕ್ಕರೆ ಕಾಯಿಲೆ ಇದ್ದವರು ಆ ದಿನಗಳಲ್ಲಿ ರಕ್ತದ ಸಕ್ಕರೆಯನ್ನು ಹೆಚ್ಚು ಬಾರಿ ನೋಡಿಕೊಳ್ಳಬೇಕು.

ಹನಿ ಹಾಕುವುದು ಸಣ್ಣ ಕೆಲಸವೆಂದು ತೋರುತ್ತದೆ, ಆದರೆ ದೃಷ್ಟಿ ಉಳಿಯುವುದು ಅದರಲ್ಲೇ. ಪ್ರೆಡ್ನಿಸೊಲೋನ್ ಅಸಿಟೇಟ್ ಹನಿಯಲ್ಲಿ ಔಷಧದ ಪುಡಿ ದ್ರವದಲ್ಲಿ ತೇಲುತ್ತಿದ್ದು, ಸೀಸೆ ಸುಮ್ಮನಿದ್ದರೆ ತಳಕ್ಕೆ ಇಳಿಯುತ್ತದೆ. ಕುಲುಕದೆ ಹಾಕಿದರೆ ಕಣ್ಣಿಗೆ ಬೀಳುವುದು ಬರಿಯ ನೀರಿನಂಥ ದ್ರವ. ಕೈ ತೊಳೆದು, ಸೀಸೆಯನ್ನು ಚೆನ್ನಾಗಿ ಕುಲುಕಿ, ಕೆಳರೆಪ್ಪೆಯನ್ನು ತುಸು ಎಳೆದು, ತುದಿ ರೆಪ್ಪೆಗೆ ತಾಗದಂತೆ ಒಂದೇ ಹನಿ ಹಾಕಿ. ಕಣ್ಣು ಮುಚ್ಚಿ ಮೂಗಿನ ಬದಿಯ ಮೂಲೆಯನ್ನು, ಕಣ್ಣುಗುಡ್ಡೆಯ ಮೇಲೆ ಭಾರ ಬೀಳದಂತೆ, ಒಂದೆರಡು ನಿಮಿಷ ಮೆಲ್ಲಗೆ ಒತ್ತಿಕೊಂಡಿರಿ. ಎರಡನೆಯ ಔಷಧಕ್ಕೆ ಐದು ನಿಮಿಷ ಬಿಡಿ. ನಮ್ಮ ಮನೆಯಲ್ಲಿ ಅಡುಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಹಾಕಿದ ಪ್ರತಿ ಹನಿಗೂ ಗೆರೆ ಎಳೆಯುತ್ತಿದ್ದೆವು.

ಆದರೂ ತಪ್ಪಾಯಿತು. ಆಸ್ಪತ್ರೆಯಿಂದ ಕೊಟ್ಟ ಚೀಟಿಯಲ್ಲಿ ಹನಿ ಇಳಿಸುವ ಕ್ರಮ ಇಂಗ್ಲಿಷ್ ಸಂಕ್ಷೇಪಗಳಲ್ಲಿತ್ತು, ಅದನ್ನು ಯಾರೂ ಬಿಡಿಸಿ ಹೇಳಲಿಲ್ಲ. "ಪಕ್ಕದ ಮನೆ ಕಾಕು ಒಂದೇ ತಿಂಗಳಿಗೆ ನಿಲ್ಲಿಸಿದರಲ್ಲ, ನನಗೂ ಈಗ ಚೆನ್ನಾಗಿ ಕಾಣುತ್ತದೆ" ಎಂದು ಅಕ್ಕ ನಾಲ್ಕನೆಯ ವಾರ ಹನಿ ಬಿಟ್ಟಳು. ಹತ್ತೇ ದಿನದಲ್ಲಿ, ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನ ಚೌಕದ ಗೆರೆಗಳು ನಡುವೆ ಬಾಗಿದಂತೆ ಕಾಣುತ್ತವೆ ಎಂದಳು. ಓಸಿಟಿಯಲ್ಲಿ ಮ್ಯಾಕ್ಯುಲಾದೊಳಗೆ ನೀರು ತುಂಬಿದ ಸಣ್ಣ ಗುಳ್ಳೆಗಳು ಕಂಡವು. ಚಿಕಿತ್ಸೆಯಿಂದ ಊತ ಇಳಿಯಲು ತಿಂಗಳುಗಳೇ ಬೇಕಾದವು, ಆದರೆ ದೃಷ್ಟಿ 6/9ಕ್ಕೆ ಮರಳಿತು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ಚೀಟಿ ಕೊಟ್ಟ ಕೂಡಲೇ, ಯಾವ ದಿನಾಂಕದಿಂದ ದಿನಕ್ಕೆ ಎಷ್ಟು ಹನಿ ಎಂದು ಎದುರೇ ಕುಳಿತು ಕನ್ನಡದಲ್ಲಿ ಬರೆದುಕೊಳ್ಳಿ.

ಅದೇ ಕ್ಯಾಲೆಂಡರಿನಿಂದ ದಿನವೂ ಪರೀಕ್ಷೆ ಮಾಡಿಕೊಳ್ಳಬಹುದು. ಬೆಳಿಗ್ಗೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ನಿಂತು, ಒಂದು ಕಣ್ಣನ್ನು ಒತ್ತದೆ ಅಂಗೈಯಿಂದ ಮರೆಮಾಡಿ ಇನ್ನೊಂದರಿಂದ ನೋಡಿ. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟದ್ದರ ದೋಷವನ್ನು ಮುಚ್ಚಿಬಿಡುತ್ತದೆ. ಎಷ್ಟು ಚಿಕ್ಕ ಅಂಕಿಯವರೆಗೆ ಓದಲಾಯಿತು, ಗೆರೆ ನೆಟ್ಟಗಿದೆಯೇ, ನಡುವೆ ಮಸುಕಿದೆಯೇ ಎಂದು ಬರೆದಿಡಿ. ನಿನ್ನೆ ಓದಿದ್ದು ಇಂದು ಓದಲಾಗದಿದ್ದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ.

ಕಣ್ಣಿನ ಒತ್ತಡವನ್ನು ಮಾತ್ರ ಮನೆಯಲ್ಲಿ ತಿಳಿಯಲಾಗದು. ಸ್ಟೀರಾಯ್ಡ್‌ನಿಂದ ಕೆಲವರಿಗೆ ಒತ್ತಡ ಏರುತ್ತದೆ, ನೋವೂ ಇರುವುದಿಲ್ಲ, ಆದರೆ ನರ ಸವೆಯುತ್ತ ಹೋಗುತ್ತದೆ. ಪ್ರತಿ ಭೇಟಿಯಲ್ಲೂ ಅಳೆಸಿ. ತಿಂಗಳುಗಳ ನಂತರ ದೃಷ್ಟಿ ನಿಧಾನವಾಗಿ ಮಂಜಾದರೆ, ಕೃತಕ ಮಸೂರವನ್ನು ಹಿಡಿದಿರುವ ಚೀಲದ ಹಿಂಬದಿಯ ಪದರ ದಪ್ಪವಾಗಿರಬಹುದು. ಯುವಿಯೈಟಿಸ್ ಇದ್ದವರಲ್ಲಿ ಇದು ಹೆಚ್ಚು. ಕಣ್ಣು ಶಾಂತವಾಗಿದ್ದಾಗ ಯಾಗ್ ಎಂಬ ಲೇಸರ್‌ನಿಂದ ಅದರಲ್ಲಿ ಕಿಂಡಿ ತೆರೆಯುತ್ತಾರೆ.

ನೋವು ಹೆಚ್ಚುತ್ತ ಹೋಗುವುದು, ಕೆಂಪಾಗುವುದು, ಕೀವು, ಕಣ್ಣಮುಂದೆ ಒಮ್ಮೆಲೆ ಕಪ್ಪು ಚುಕ್ಕೆಗಳು ತೇಲುವುದು, ಮಿಂಚಿನಂಥ ಬೆಳಕು, ದೃಷ್ಟಿ ದಿಢೀರನೆ ಕುಂದುವುದು ಕಂಡರೆ ಅದೇ ದಿನ, ರಾತ್ರಿಯಾದರೂ, ಕಣ್ಣಿನ ವೈದ್ಯರನ್ನು ಕಾಣಬೇಕು. ಮೊದಲ ವಾರದಲ್ಲಿ ಅದು ಕಣ್ಣಿನೊಳಗಿನ ಸೋಂಕಾಗಿರಬಹುದು, ಅದಕ್ಕೆ ಗಂಟೆಗಳ ಲೆಕ್ಕ. ಔಷಧದಂಗಡಿಯಲ್ಲಿ ಕೇಳಿ ಹನಿ ತರಬೇಡಿ. ಕನ್ನಡಕದ ನಂಬರನ್ನು, ಉರಿಯೂತವೂ ಊತವೂ ಇಲ್ಲವೆಂದು ವೈದ್ಯರು ಹೇಳಿದ ಮೇಲೆಯೇ ತೆಗೆಸಿ. ಅಕ್ಕನಿಗೆ ಅದು ಐದನೆಯ ತಿಂಗಳಿನಲ್ಲಿ ಸಿಕ್ಕಿತು.