ಕ್ಯಾರವಾನ್ ಗ್ಯಾಸ್ ಲೈನಿನಲ್ಲಿ ಗ್ರಿಲ್ ಸರಿಯಾಗಿ ಉರಿಯದಿದ್ದರೆ

ಮಲ್ಪೆಯಲ್ಲಿ ಕ್ಯಾರವಾನಿನ ಗ್ಯಾಸ್ ಲೈನಿಗೆ ಅಮೆರಿಕದಿಂದ ತಂದ ಪೋರ್ಟೆಬಲ್ ಗ್ರಿಲ್ ಜೋಡಿಸಿದರೆ ಉರಿ ತೀರಾ ಸಣ್ಣದು. ಬಂಗುಡೆ ಬೇಯದು, ಗಾಳಿಗೆ ಆರುತ್ತದೆ. ಜೆಟ್ (ಗ್ಯಾಸ್ ಹೊರಬರುವ ಸಣ್ಣ ರಂಧ್ರ) ಶುಚಿ ಮಾಡಿದೆ, ಸಿಲಿಂಡರ್ ಬದಲಿಸಿದೆ, ವ್ಯತ್ಯಾಸವಿಲ್ಲ.

ಕಾರಣ, ಒಂದರ ಹಿಂದೊಂದು ಎರಡು ರೆಗ್ಯುಲೇಟರ್. ಕ್ಯಾರವಾನಿನದು ಆಗಲೇ ಒತ್ತಡವನ್ನು 11 ಇಂಚು ನೀರಿನ ಮಟ್ಟಕ್ಕೆ, ಅಂದರೆ ಸುಮಾರು 27 ಮಿಲಿಬಾರಿಗೆ ಇಳಿಸಿರುತ್ತದೆ. ಗ್ರಿಲ್ಲಿನ ರೆಗ್ಯುಲೇಟರ್ ಸಿಲಿಂಡರಿನ ಪೂರ್ತಿ ಒತ್ತಡಕ್ಕೆಂದೇ ಮಾಡಿದ್ದು, ಇಷ್ಟು ಕಡಿಮೆ ಒತ್ತಡದಲ್ಲಿ ಸಾಕಷ್ಟು ಗ್ಯಾಸ್ ಬಿಡದು. ಗ್ರಿಲ್ಲಿನ ವಿವರ ಬರೆದ ಪ್ಲೇಟಿನಲ್ಲೂ ಉರಿಗೆ ಬೇಕಾದ ಒತ್ತಡ 11 ಇಂಚು ಎಂದೇ ಇತ್ತು, ಹಾಗಾಗಿ ಜೆಟ್ ಬದಲಿಸಬೇಕಾಗಲಿಲ್ಲ. ಬೇರೆ ಅಂಕಿ ಇದ್ದರೆ ಈ ದಾರಿ ಬೇಡ.

ಸಿಲಿಂಡರ್ ಬಂದ್ ಮಾಡಿ, ಗ್ರಿಲ್ಲಿನ ರೆಗ್ಯುಲೇಟರ್ ಕಳಚಿ, ಅದೇ ಗ್ರಿಲ್ ಮಾದರಿಯ, ಆದರೆ ರೆಗ್ಯುಲೇಟರ್ ಇಲ್ಲದ ವಾಲ್ವ್ ಕೂರಿಸಿದೆ. ಗ್ರಿಲ್ಲಿನ ನಾಬ್ ಮುಚ್ಚಿಟ್ಟು ಸಿಲಿಂಡರ್ ನಿಧಾನ ತೆರೆದು, ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಕಡ್ಡಿ ಗೀರಲೇಬಾರದು. ಈ ವಾಲ್ವ್ ಹಾಕಿದ ಗ್ರಿಲ್ಲನ್ನು ಸಿಲಿಂಡರಿಗೆ ನೇರವಾಗಿ ಎಂದೂ ಜೋಡಿಸಬೇಡಿ.